ಗೋಡೆಯ ಮಾತು, ಕೋಣೆಯ ಮಾತು

ನರ್ಸಿಂಗ್ ಓದುತ್ತಿರುವ ಹುಡುಗ ಹುಡುಗಿಯರು ಮತ್ತು ಕೆಲವು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ. ಆರೋಗ್ಯದ ಕರಪತ್ರ, ಪೋಸ್ಟರ್, ಸಣ್ಣ ಪುಸ್ತಕಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ನೀವು ಮನೆ ಮನೆಗೆ ಹಂಚುವ ಕಾಗದ ಇದೆಯಲ್ಲ, ಅಂಥದ್ದನ್ನು ಬರೆಯುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಇವತ್ತು ಪದಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಕೆಲವು ವರ್ಷದ ಹಿಂದೆ ಮುಟ್ಟಿನ ಬಗ್ಗೆ ಒಂದು ಇಂಗ್ಲಿಷ್ ಕರಪತ್ರ ಬಂತು. ಅದರಲ್ಲಿ ಎಲ್ಲೂ 'ವಿಮೆನ್' ಅಂತ ಇರಲಿಲ್ಲ. 'ಪೀಪಲ್ ಹೂ ಮೆನ್‌ಸ್ಟ್ರುಯೇಟ್' ಅಂತ ಇತ್ತು. ನಾನು ನಿಷ್ಠೆಯಿಂದ 'ಋತುಸ್ರಾವ ಹೊಂದುವ ವ್ಯಕ್ತಿಗಳು' ಅಂತ ಬರೆದೆ. ಅಚ್ಚಿಗೆ ಹೋಗುವ ಮೊದಲು ಹಳ್ಳಿಯಲ್ಲಿ ಒಂದು ಸಲ ಓದಿ ಹೇಳುವ ಅಭ್ಯಾಸ ನನಗಿದೆ. ಅಂಗನವಾಡಿ ಜಗಲಿಯ ಮೇಲೆ ಹತ್ತು ಹದಿನೈದು ಹೆಂಗಸರು ಕೂತಿದ್ದರು. ಮೊದಲ ಪುಟ ಮುಗಿಯುವಷ್ಟರಲ್ಲಿ ಒಬ್ಬರು ಅಜ್ಜಿ ಕೈ ಎತ್ತಿದರು. "ಇದು ಯಾರಿಗೆ ಬರ್ದಿರೋದು ಮಗಳೇ? ಗಂಡಸರಿಗಾ?"

ನನಗೆ ಒಂದು ನಿಮಿಷ ಏನೂ ಹೊಳೆಯಲಿಲ್ಲ. ಮಾರನೇ ದಿನ ಪೇಪರ್ ಓದುವಾಗ ಅರ್ಥವಾಯಿತು. 'ಬೈಕ್ ಡಿಕ್ಕಿ: ವ್ಯಕ್ತಿ ಸಾವು' ಅಂತ ಒಂದು ಸುದ್ದಿ. ಅದೇ ಪುಟದಲ್ಲಿ 'ಹಾವು ಕಚ್ಚಿ ಮಹಿಳೆ ಸಾವು' ಅಂತ ಇನ್ನೊಂದು. ಸತ್ತವರು ಹೆಂಗಸಾದರೆ ನಾವು 'ವ್ಯಕ್ತಿ' ಅನ್ನುವುದೇ ಇಲ್ಲ, ಅಲ್ವಾ? ನಿಘಂಟಿನಲ್ಲಿ ಅದು ಎಲ್ಲರಿಗೂ ಸೇರಿದ ಪದ. ಬಳಕೆಯಲ್ಲಿ ಅದು ಗಂಡಸು. ಅಜ್ಜಿ ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಯಾರನ್ನೂ ಬಿಡಬಾರದು ಅಂತ ಬರೆದ ಸಾಲು ಅಲ್ಲಿ ಕೂತಿದ್ದ ಅಷ್ಟೂ ಜನರನ್ನು ಹೊರಗೆ ಇಟ್ಟಿತ್ತು.

ಗಂಡಾಗಿ ಬದುಕುವ ಕೆಲವರಿಗೂ ಮುಟ್ಟು, ಬಸುರು ಆಗುವುದುಂಟು; ಅವರನ್ನೂ ಸೇರಿಸಿಕೊಳ್ಳಲು 'ಹೆಂಗಸರು', 'ತಾಯಿ' ಅನ್ನುವ ಪದಗಳನ್ನು ಬದಲಾಯಿಸಬೇಕಾ ಅನ್ನುವ ಚರ್ಚೆ ಇಂಗ್ಲಿಷ್ ಆಡುವ ದೇಶಗಳಲ್ಲಿ ಜೋರಾಗಿ ನಡೆದಿದೆ. ಏನಾಯಿತು ಅಂತ ಸ್ವಲ್ಪ ಹೇಳುತ್ತೇನೆ. ಸುದ್ದಿಯಾಗಿ ಬಂದದ್ದೇ ಬೇರೆ, ಆದದ್ದೇ ಬೇರೆ.

2021ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನ ಸರ್ಕಾರಿ ಆಸ್ಪತ್ರೆಗಳು ತಮ್ಮ ಹೆರಿಗೆ ವಿಭಾಗಕ್ಕೆ ಒಂದು ಭಾಷಾ ಮಾರ್ಗಸೂಚಿ ತಂದವು. 'ಇನ್ನು ಮೇಲೆ ತಾಯಿ ಅನ್ನುವಂತಿಲ್ಲ, ಬ್ರೆಸ್ಟ್‌ಫೀಡಿಂಗ್ ಅನ್ನುವಂತಿಲ್ಲ' ಅಂತ ಪ್ರಪಂಚದ ತುಂಬ ಸುದ್ದಿಯಾಯಿತು. ಆ ಮಾರ್ಗಸೂಚಿ ಹೇಳಿದ್ದು ಬೇರೆ. ಯಾವ ಪದವನ್ನೂ ತೆಗೆಯುವುದಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಸೇರಿಸುತ್ತೇವೆ ಅಂದಿತ್ತು. ಬರೀ 'ಹೆಂಗಸರು' ಅನ್ನುವ ಕಡೆ 'ಹೆಂಗಸರು ಮತ್ತು ಇತರ ಜನ' ಅನ್ನುವ ಹಾಗೆ. ಎದುರಿಗೆ ಇರುವವರು ಹೆಂಗಸಾಗಿದ್ದರೆ, ತಾಯಿ ಅಂತ ಕರೆಸಿಕೊಳ್ಳುವವರಾಗಿದ್ದರೆ, ಹಾಗೇ ಕರೆಯಿರಿ ಅಂತಲೂ ಹೇಳಿತ್ತು. ಸೇರಿಸುವುದಕ್ಕೂ ತೆಗೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಸುದ್ದಿಯಲ್ಲಿ ಅದು ಪೂರ್ತಿ ಕಳೆದುಹೋಯಿತು.

ಹಾಗಂತ ತೆಗೆದುಹಾಕಿದ್ದು ಎಲ್ಲೂ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ತನ್ನ ಮುಖಪುಟದ ಮೇಲೆ ಒಂದು ಸಾಲು ಹಾಕಿತು. 'ಯೋನಿ ಇರುವ ದೇಹಗಳ' ರಚನೆಯನ್ನು, ಕೆಲಸವನ್ನು ಇತಿಹಾಸದುದ್ದಕ್ಕೂ ಕಡೆಗಣಿಸಲಾಗಿದೆ ಅನ್ನುವ ಸಾಲು. ಲಂಡನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಮುಟ್ಟಿನ ಇತಿಹಾಸದ ಪ್ರದರ್ಶನ ನಡೆದಿತ್ತು. ಅದರ ಬಗ್ಗೆ ಬಂದ ಲೇಖನದಿಂದ ಎತ್ತಿದ ಮಾತು ಅದು. ಲೇಖನದ ಒಳಗೆ 'ಹೆಂಗಸರು' ಅನ್ನುವ ಪದ ಇತ್ತು. ಮುಖಪುಟಕ್ಕೆ ಬರುವಾಗ ದೇಹ ಮಾತ್ರ ಉಳಿಯಿತು. ತುಂಬಾ ಹೆಂಗಸರು ನೊಂದುಕೊಂಡರು. ಸಂಪಾದಕ ರಿಚರ್ಡ್ ಹಾರ್ಟನ್ ಕ್ಷಮೆ ಕೇಳಿದರು.

ಆ ನೋವು ನನಗೆ ಅರ್ಥವಾಗುತ್ತದೆ. ಔಷಧಿಗಳ ಪರೀಕ್ಷೆಯ ಕಥೆ ನಿಮಗೆ ಗೊತ್ತಿರಬಹುದು. ಅಮೆರಿಕದಲ್ಲಿ 1977ರಲ್ಲಿ ಸರ್ಕಾರದ ಔಷಧ ಇಲಾಖೆ ಒಂದು ಸೂಚನೆ ಹೊರಡಿಸಿತು. ಗರ್ಭ ಕಟ್ಟುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಿಯ ಮೊದಲ ಹಂತದ ಪರೀಕ್ಷೆಗಳಿಗೆ ಸೇರಿಸಬೇಡಿ ಅಂತ. ಅದು ಬದಲಾದದ್ದು 1993ರಲ್ಲಿ. ಹದಿನಾರು ವರ್ಷ. ಅಷ್ಟೂ ದಿನ ಗಂಡಸರ ಮೈಗೆ ಸರಿ ಹೋದದ್ದು ಹೆಂಗಸರ ಮೈಗೂ ಸರಿ ಹೋಗುತ್ತದೆ ಅಂದುಕೊಂಡೇ ಬಹಳಷ್ಟು ಮಾತ್ರೆಗಳು ಬಂದವು. ಜೋಲ್ಪಿಡೆಮ್ ಅಂತ ಒಂದು ನಿದ್ದೆ ಮಾತ್ರೆ ಇದೆ. ಅದು ಹೆಂಗಸರ ಮೈಯಿಂದ ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರಬಹುದು. ಹೆಂಗಸರಿಗೆ 10 ಮಿಲಿಗ್ರಾಂ ಬದಲು 5 ಸಾಕು ಅಂತ ಅಮೆರಿಕ ಹೇಳಿದ್ದು 2013ರಲ್ಲಿ. ಮಾತ್ರೆ ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷ ಆಗಿತ್ತು.

ಇಷ್ಟು ಹೋರಾಡಿ 'ಹೆಂಗಸು' ಅನ್ನುವ ಪದವನ್ನು ಔಷಧಿಯ ಲೋಕದ ಒಳಗೆ ತಂದಿದ್ದಾರೆ. ಬಂದು ಕೂರುವಷ್ಟರಲ್ಲಿ 'ಸ್ವಲ್ಪ ಜರುಗಿ' ಅಂದರೆ ಯಾರಿಗೆ ಆದರೂ ಬೇಜಾರಾಗುತ್ತದೆ.

2022ರಲ್ಲಿ ಆಸ್ಟ್ರೇಲಿಯಾದ ಸಂಶೋಧಕಿ ಕಾರ್ಲೀನ್ ಗ್ರಿಬಲ್ ಮತ್ತು ಒಂಬತ್ತು ಜನ ಜೊತೆಗಾರರು ಬರೆದ ಒಂದು ಲೇಖನ ಬಂತು. ಬಸುರು, ಹೆರಿಗೆ, ಹಾಲೂಡಿಕೆಯ ವಿಷಯದಲ್ಲಿ ಹೆಣ್ಣು ಅಂತ ಗುರುತಿಸುವ ಪದಗಳು ಯಾಕೆ ಬೇಕು ಅನ್ನುವುದು ಅವರ ವಾದ. ಅದರಲ್ಲಿ ಒಂದು ಮಾತು ನನ್ನ ಕೆಲಸಕ್ಕೆ ನೇರವಾಗಿ ತಾಗಿತು. ಓದು ಕಡಿಮೆ ಇರುವವರಿಗೆ, ಇಂಗ್ಲಿಷ್ ಮನೆಮಾತಲ್ಲದವರಿಗೆ ಸುತ್ತುಬಳಸಿನ ಪದ ಅರ್ಥವಾಗುವುದಿಲ್ಲ ಅನ್ನುವುದು. 'ತಾಯಿ' ಬದಲು 'ಪೋಷಕರು' ಅಂತ ಹಾಕಿದರೆ ಅರ್ಥವೇ ಬದಲಾಗುತ್ತದೆ ಅನ್ನುವುದನ್ನೂ ಹೇಳಿದ್ದಾರೆ. ನನಗೇ ಇದು ಆಗಿದೆ. ಒಂದು ಕರಡಿನಲ್ಲಿ 'ಪೋಷಕರು ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು' ಅಂತ ಬರೆದಿದ್ದೆ. ಪೋಷಕರು ಅಂದರೆ ನಮ್ಮಲ್ಲಿ ಶಾಲೆಯ ಮೀಟಿಂಗಿಗೆ ಹೋಗುವವರು. ಅಪ್ಪ ಮಾತ್ರೆ ನುಂಗಬೇಕಾ? ಆ ಸಾಲು ಹಾಗೇ ಅಚ್ಚಾಗಿದ್ದರೆ ನಷ್ಟ ಆಗುತ್ತಿದ್ದದ್ದು ರಕ್ತ ಕಡಿಮೆ ಇರುವ ಬಸುರಿ ಹೆಂಗಸಿಗೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾತು ಒಂದು ಕಡೆಗೆ ವಾಲುತ್ತದೆ. ಇನ್ನೊಂದು ಘಟನೆ ಹೇಳುತ್ತೇನೆ. ನೀವೆಲ್ಲ ಮುಂದೆ ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡುವವರು. ಇದು ನಿಮಗೆ ಗೊತ್ತಿರಲೇಬೇಕು.

2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಮೆರಿಕದ ಒಬ್ಬ ರೋಗಿಯ ಕಥೆ ಬಂತು. ನಿಜವಾದ ಹೆಸರು ಕೊಟ್ಟಿಲ್ಲ. 32 ವರ್ಷದ ಗಂಡಸು. ಕೆಳಹೊಟ್ಟೆಯಲ್ಲಿ ತೀರಾ ನೋವು ಅಂತ ಎಮರ್ಜೆನ್ಸಿಗೆ ಬಂದರು. ನಾನು ಟ್ರಾನ್ಸ್ ಮ್ಯಾನ್ ಅಂತ ಹೇಳಿದರು. ಟ್ರಾನ್ಸ್ ಮ್ಯಾನ್ ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಲ್ಪಟ್ಟು, ಆಮೇಲೆ ಗಂಡಾಗಿ ಬದುಕುತ್ತಿರುವವರು. ಮನೆಯಲ್ಲಿ ಮಾಡಿಕೊಂಡ ಗರ್ಭ ಪರೀಕ್ಷೆ ಪಾಸಿಟಿವ್ ಬಂದಿದೆ ಅಂತಲೂ ಹೇಳಿದರು. ಬಿ.ಪಿ. ಜಾಸ್ತಿ ಇತ್ತು. ಅದರ ಮಾತ್ರೆ ನಿಲ್ಲಿಸಿದ್ದರು. ನರ್ಸ್ ಕೇಳಿಸಿಕೊಂಡರು. ಆದರೆ ಕಂಪ್ಯೂಟರಿನಲ್ಲಿ ಗಂಡು ಅಂತ ಇತ್ತು. ದಪ್ಪಗಿರುವ ಗಂಡಸು, ಬಿ.ಪಿ. ಮಾತ್ರೆ ಬಿಟ್ಟಿದ್ದಾನೆ, ಹೊಟ್ಟೆನೋವು, ಅವಸರ ಏನಿಲ್ಲ ಅಂತ ಕೂರಿಸಿದರು. ಕೆಲವು ಗಂಟೆ ಕಳೆಯಿತು. ಆಮೇಲೆ ಡಾಕ್ಟರ್ ನೋಡಿದಾಗ ಅದು ಹೆರಿಗೆ ನೋವು. ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಬಂದಿತ್ತು. ಮಗು ಸತ್ತೇ ಹುಟ್ಟಿತು.

ಆ ನರ್ಸ್ ಕೆಟ್ಟವರಲ್ಲ. ಕೆಲಸ ಗೊತ್ತಿಲ್ಲದವರೂ ಅಲ್ಲ. ತಲೆಯಲ್ಲಿ ಎರಡೇ ಗೂಡು ಇದ್ದವು. ಗಂಡಸಿನ ಗೂಡಿನಲ್ಲಿ ಬಸುರು ಇರಲಿಲ್ಲ. ಅದೇ ನೋವು, ಅದೇ ಬಿ.ಪಿ., ಅದೇ ಪಾಸಿಟಿವ್ ಪರೀಕ್ಷೆ ಇಟ್ಟುಕೊಂಡು ಒಬ್ಬ ಹೆಂಗಸು ಬಂದಿದ್ದರೆ ಐದು ನಿಮಿಷದಲ್ಲಿ ಹೆರಿಗೆ ವಾರ್ಡಿಗೆ ಕರೆದುಕೊಂಡು ಓಡುತ್ತಿದ್ದರು.

ಇಂಗ್ಲೆಂಡಿನಲ್ಲೂ ಇಂಥದ್ದೇ ಒಂದು ತೊಡಕು ಇತ್ತು. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಪರೀಕ್ಷೆಗೆ ಅಲ್ಲಿ 25ರಿಂದ 64 ವಯಸ್ಸಿನವರಿಗೆ ಮನೆಗೇ ಕರೆ ಕಳಿಸುತ್ತಾರೆ. ದಾಖಲೆಯಲ್ಲಿ 'ಗಂಡು' ಅಂತ ಬದಲಾಯಿಸಿಕೊಂಡ ಟ್ರಾನ್ಸ್ ಮ್ಯಾನ್‌ಗೆ ಆ ಕರೆ ತಾನಾಗಿ ಹೋಗುತ್ತಿರಲಿಲ್ಲ. ಗರ್ಭಕಂಠ ಮಾತ್ರ ಒಳಗೇ ಇರುತ್ತಿತ್ತು. ಹುಟ್ಟಿದಾಗ ಗಂಡು ಅಂತ ಬರೆಸಲ್ಪಟ್ಟು, ಆಮೇಲೆ ದಾಖಲೆಯಲ್ಲಿ 'ಹೆಣ್ಣು' ಅಂತ ಬರೆಸಿಕೊಂಡ ಟ್ರಾನ್ಸ್ ಮಹಿಳೆಗೆ ಕರೆ ಹೋಗುತ್ತಿತ್ತು. ಅವರಿಗೆ ಗರ್ಭಕಂಠವೇ ಇರಲಿಲ್ಲ.

ಎರಡು ಕಡೆಯ ಕಥೆಯನ್ನೂ ಇಟ್ಟುಕೊಂಡು ನಾನು ಬಹಳ ದಿನ ಒದ್ದಾಡಿದ್ದೇನೆ. ಕೊನೆಗೆ ನನಗೆ ದಾರಿ ತೋರಿಸಿದ್ದು ಒಂದು ಸಣ್ಣ ಯೋಚನೆ. ಆಸ್ಪತ್ರೆಯಲ್ಲಿ ಮಾತು ಎರಡು ಜಾಗದಲ್ಲಿ ಇರುತ್ತದೆ. ಒಂದು ಗೋಡೆಯ ಮೇಲೆ, ಪೋಸ್ಟರಿನಲ್ಲಿ, ಕರಪತ್ರದಲ್ಲಿ. ಅದು ಸಾವಿರಾರು ಜನಕ್ಕೆ ಒಟ್ಟಿಗೆ ಹೇಳುವ ಮಾತು. ಇನ್ನೊಂದು ಕೋಣೆಯ ಒಳಗೆ, ಬಾಗಿಲು ಹಾಕಿದ ಮೇಲೆ, ಒಬ್ಬರಿಗೆ ಹೇಳುವ ಮಾತು. ನಾವು ಇವೆರಡನ್ನೂ ಕಲಸಿಬಿಟ್ಟಿದ್ದೇವೆ. ಕೋಣೆಯ ಮಾತನ್ನು ತಂದು ಗೋಡೆಗೆ ಅಂಟಿಸುತ್ತಾರೆ. ಗೋಡೆಯ ಮಾತನ್ನು ಕೋಣೆಯೊಳಗೆ ಒಬ್ಬರ ಮೇಲೆ ಹೇರುತ್ತಾರೆ.

2023ರಲ್ಲಿ ಬ್ರಿಟನ್ನಿನ ಒಂದು ಕ್ಯಾನ್ಸರ್ ಸಂಸ್ಥೆಯ ಮೇಲೆ ಇಂಥದ್ದೇ ಗಲಾಟೆ ಆಯಿತು. ಯೋನಿ ಅನ್ನುವ ಪದ ಕೇಳಿದರೇ ಮುದುಡಿಕೊಳ್ಳುವ ಟ್ರಾನ್ಸ್ ಮ್ಯಾನ್ ಪರೀಕ್ಷೆಗೆ ಬಂದರೆ ನರ್ಸ್ ಯಾವ ಪದ ಬಳಸಬಹುದು ಅಂತ ಅವರು ಒಂದು ಪಟ್ಟಿ ಮಾಡಿದ್ದರು. ಅದು ಕೋಣೆಯ ಮಾತು. ಎಲ್ಲ ಹೆಂಗಸರಿಗೂ ಇನ್ನು ಹೀಗೇ ಅನ್ನುತ್ತಾರಂತೆ ಅಂತ ಅದು ಹೊರಗೆ ಹಬ್ಬಿತು.

ಈಗ ಕನ್ನಡಕ್ಕೆ ಬರೋಣ. ಇಂಗ್ಲಿಷಿನವರ ಜಗಳವನ್ನು ಹಾಗೇ ತಂದು ಇಲ್ಲಿ ಆಡುವುದು ನನಗೆ ಇಷ್ಟವಿಲ್ಲ. ನಮ್ಮ ಭಾಷೆಯ ಮೈಕಟ್ಟೇ ಬೇರೆ.

ನಮಗೆ 'ಅವರು' ಇದೆ. 'ಅವರು ಬಂದರು' ಅಂದರೆ ಬಂದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಮರ್ಯಾದೆಯೂ ಉಳಿಯಿತು. 'ನಾನು ಬಂದೆ' ಅಂದರೂ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ ಹಾಗಲ್ಲ, 'ನಾನು ಬರುತ್ತೇನೆ' ಅನ್ನುವಾಗಲೇ ಹೆಣ್ಣು ಗಂಡು ಬೇರೆಯಾಗುತ್ತದೆ. ಇನ್ನೂ ಚಂದದ್ದು ಏನೆಂದರೆ, ಮುಟ್ಟು, ಹೆರಿಗೆ ಎಲ್ಲ ನಮ್ಮಲ್ಲಿ 'ಆಗುವ' ಸಂಗತಿಗಳು. 'ಅವರಿಗೆ ಮುಟ್ಟಾಯಿತು', 'ಅವರಿಗೆ ಹೆರಿಗೆ ಆಯಿತು'. ಕ್ರಿಯಾಪದ ಹೆರಿಗೆಯ ಜೊತೆ ಹೋಗುತ್ತದೆ, ಹೆತ್ತವರ ಜೊತೆ ಹೋಗುವುದಿಲ್ಲ. ಒಬ್ಬ ರೋಗಿಯ ಕಥೆಯನ್ನು ಮೊದಲಿಂದ ಕೊನೆಯವರೆಗೂ ಹೆಣ್ಣು ಗಂಡು ಅನ್ನದೆ, ಎಲ್ಲೂ ಎಡವದೆ ಹೇಳಬಹುದು. 'ಹೆರಿಗೆ ಆಸ್ಪತ್ರೆ' ಅನ್ನುವ ಹೆಸರೂ ಅಷ್ಟೇ, ಅಲ್ಲಿ ಆಗುವ ಕೆಲಸವನ್ನು ಹೇಳುತ್ತದೆ. ಇಂಗ್ಲಿಷಿನ 'ಮೆಟರ್ನಿಟಿ' ಒಳಗೆ ತಾಯಿ ಕೂತಿದ್ದಾಳೆ. ನಮ್ಮ 'ಹೆರಿಗೆ' ಒಳಗೆ ಯಾರೂ ಕೂತಿಲ್ಲ.

ಹಾಗಾಗಿ ನಾನು 'ವ್ಯಕ್ತಿಗಳು' ಬಿಟ್ಟೆ. 'ಮುಟ್ಟಾಗುವವರು' ಅಂತ ಬರೆದೆ. ಅದೇ ಹಳ್ಳಿಗೆ ಮತ್ತೆ ಹೋಗಿ ಓದಿದಾಗ ಯಾರೂ ಕೈ ಎತ್ತಲಿಲ್ಲ. 'ಮುಟ್ಟಾಗೋರು' ಅನ್ನುವುದು ಅವರದ್ದೇ ಮಾತು.

ಇನ್ನೊಂದು ಪದ. ಟ್ರಾನ್ಸ್ ಮ್ಯಾನ್ ಹಾಲೂಡಿಸಿದರೆ 'ಬ್ರೆಸ್ಟ್‌ಫೀಡಿಂಗ್' ಅನ್ನದೆ 'ಚೆಸ್ಟ್‌ಫೀಡಿಂಗ್', ಅಂದರೆ ಮೊಲೆ ಅನ್ನದೆ ಎದೆ, ಅಂತ ಹೇಳಬಹುದಾ ಅಂತ ಇಂಗ್ಲಿಷಿನಲ್ಲಿ ಎಷ್ಟು ಜಗಳ ಆಗಿದೆ! ಸಂದರ್ಭ ನೋಡಿಕೊಂಡು ಬಳಸಬಹುದು ಅಂತ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಅನ್ನುವ ಡಾಕ್ಟರುಗಳ ಸಂಸ್ಥೆ 2021ರಲ್ಲಿ ಹೇಳಿತು. ಬೇಡವೇ ಬೇಡ ಅಂತ ಬೇರೆಯವರು ಹೇಳಿದರು. ನಾವು ಏನನ್ನುತ್ತೇವೆ? ಎದೆಹಾಲು. ಮಗುವಿಗೆ ಎದೆಹಾಲು ಕೊಡಿ. ಎದೆ ಗಂಡಸಿಗೂ ಇದೆ, ಹೆಂಗಸಿಗೂ ಇದೆ. ಅಲ್ಲಿ ಅಷ್ಟು ಸಿಟ್ಟು ತರಿಸಿದ ಪದವನ್ನು ನಮ್ಮ ಅಜ್ಜಿಯರು ದಿನಾ ಆಡುತ್ತಿದ್ದರು.

ಇದನ್ನು ನೋಡಿ ಒಂದಷ್ಟು ದಿನ ನನಗೆ ಹೆಮ್ಮೆ ಆಗಿತ್ತು. ಆಮೇಲೆ ಯೋಚನೆ ಮಾಡಿದೆ. ನಾವು 'ಎದೆ' ಅನ್ನುವುದು ಟ್ರಾನ್ಸ್ ಜನರ ಮೇಲಿನ ಪ್ರೀತಿಯಿಂದ ಅಲ್ಲ. 'ಮೊಲೆ' ಅನ್ನಲು ನಾಚಿಕೆ, ಅದಕ್ಕೆ. ಹಳ್ಳಿಯಲ್ಲಿ 'ಮೊಲೆ ಕುಡಿಸು' ಅಂತ ಸಲೀಸಾಗಿ ಅನ್ನುತ್ತಿದ್ದೆವು. ಓದಿದ ಮೇಲೆ ಅದು ಕೊಳಕು ಪದವಾಯಿತು. ಪುಸ್ತಕಕ್ಕೆ 'ಸ್ತನ' ತಂದೆವು. ಬಾಯಿಗೆ 'ಎದೆ' ಉಳಿಸಿಕೊಂಡೆವು. ಮುಟ್ಟಿಗೂ ಇದೇ ಗತಿ. 'ಹೊರಗಾಗಿದ್ದಾಳೆ', 'ಕಾಗೆ ಮುಟ್ಟಿದೆ', 'ಡೇಟ್ ಆಗಿದೆ'. ಮೆಡಿಕಲ್ ಶಾಪಿನಲ್ಲಿ ಕಪ್ಪು ಕವರು, ಇಲ್ಲವಾದರೆ ಪೇಪರ್ ಸುತ್ತಿ ಕೊಡುತ್ತಾರೆ. ಬಿಳಿಸೆರಗು ಜಾಸ್ತಿ ಆಗಿ ಡಾಕ್ಟರ ಹತ್ತಿರ ಹೋದ ಹೆಂಗಸು 'ಕೆಳಗೆ ಸ್ವಲ್ಪ ತೊಂದರೆ' ಅನ್ನುತ್ತಾಳೆ. ಕೆಳಗೆ ಅಂದರೆ ಮಂಡಿಯೋ ಪಾದವೋ ಅಂತ ನೀವು ಊಹೆ ಮಾಡಬೇಕು. ಹೆಣ್ಣಿನ ದೇಹದ ಪದಗಳನ್ನು ಅಳಿಸುವ ಕೆಲಸ ನಮ್ಮಲ್ಲಿ ಯಾವ ಮಾರ್ಗಸೂಚಿಯೂ ಬರುವ ಮೊದಲೇ ಆಗಿಹೋಗಿದೆ. ಅಳಿಸಿದ್ದು ನಾಚಿಕೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದು.

ಇದರ ಬೆಲೆ ಏನು ಅಂತ ಕೇಳಿ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರುಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಎರಡನೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿ ನೋಡಿದಾಗ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. 1.9 ಶೇಕಡಾ. ಪರೀಕ್ಷೆಯ ಸೌಲಭ್ಯ ಇಲ್ಲ ಅನ್ನುವುದು ದೊಡ್ಡ ಕಾರಣ, ನಿಜ. ಅದರ ಜೊತೆಗೆ, ಗರ್ಭಕಂಠ ಅಂದರೆ ಏನು, ಎಲ್ಲಿದೆ ಅಂತ ಯಾರೂ ಹೇಳಿಲ್ಲ. 'ಗರ್ಭಕೋಶದ ಬಾಯಿ' ಅಂದರೆ ತಕ್ಷಣ ಅರ್ಥವಾಗುತ್ತದೆ. ನಾನು ಈಗ ಹಾಗೇ ಬರೆಯುತ್ತೇನೆ. ಇಂಥ ಕಡೆ 'ಗರ್ಭಕಂಠ ಇರುವವರು ಪರೀಕ್ಷೆಗೆ ಬನ್ನಿ' ಅಂತ ಬರೀ ಅಷ್ಟನ್ನೇ ಗೋಡೆಯ ಮೇಲೆ ಬರೆದರೆ ಯಾರು ಬರುತ್ತಾರೆ? ತನ್ನಲ್ಲಿ ಅದು ಇದೆ ಅಂತ ಗೊತ್ತಿರುವವರು ಮಾತ್ರ.

ಕಲಬುರಗಿ ಕಡೆಯ ತಾಂಡಾಗಳ ಹೆಂಗಸರನ್ನು ನೆನಪು ಮಾಡಿಕೊಳ್ಳಿ. ಹತ್ತು ವರ್ಷದ ಹಿಂದೆ ದೊಡ್ಡ ಸುದ್ದಿಯಾಗಿತ್ತು. ಬೆನ್ನುನೋವು, ಬಿಳಿಸೆರಗು ಅಂತ ಹೋದ ಲಂಬಾಣಿ, ದಲಿತ ಹೆಂಗಸರಿಗೆ ಹೆದರಿಸಿ, ಬೇಡದಿದ್ದರೂ ಗರ್ಭಕೋಶ ತೆಗೆದಿದ್ದರು. ಅವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಗರ್ಭಕೋಶದ ಬಾಯಿಯನ್ನೂ ಸೇರಿಸಿ ತೆಗೆದಿದ್ದಾರಾ, ಅದನ್ನು ಉಳಿಸಿದ್ದಾರಾ ಅಂತ ಅಂಥ ಹೆಂಗಸಿಗೆ ಯಾರು ಹೇಳಿರುತ್ತಾರೆ? ಉಳಿದಿದ್ದರೆ ಕ್ಯಾನ್ಸರಿನ ಭಯವೂ ಉಳಿದಿದೆ. 'ಗರ್ಭಕೋಶ ಇರುವವರು' ಅಂತ ಕರೆದರೆ ಅವರು ಎದ್ದು ಬರುವುದಿಲ್ಲ. 'ಹೆಂಗಸರೇ ಬನ್ನಿ, ಗರ್ಭಕೋಶ ತೆಗೆಸಿದ್ದರೂ ಒಮ್ಮೆ ಬಂದು ಕೇಳಿ' ಅಂದರೆ ಬರುತ್ತಾರೆ.

ಹಾಗಾದರೆ ಟ್ರಾನ್ಸ್ ಮ್ಯಾನ್? ಅವರೂ ಬರಬೇಕು. ಅದಕ್ಕೇ ಸೇರಿಸುವುದು. ಈಗ ನಾನು ಬರೆಯುವ ಮೊದಲ ಸಾಲು ಹೀಗಿರುತ್ತದೆ: 'ಹೆಂಗಸರು, ಹುಡುಗಿಯರು ಮತ್ತು ಮುಟ್ಟಾಗುವ ಎಲ್ಲರೂ ಓದಿ.' ಮೊದಲ ಎರಡು ಪದ ಅಜ್ಜಿಗೆ. ಮೂರನೆಯದು, ಶರ್ಟು ಪ್ಯಾಂಟು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತು, ನನ್ನನ್ನು ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿರುವ ಹುಡುಗನಿಗೆ. ಎರಡು ಪದ ಜಾಸ್ತಿ ಆಯಿತು ಅಷ್ಟೇ. ಕಾಗದದಲ್ಲಿ ಜಾಗ ಇದೆ.

ಕೋಣೆಯ ಮಾತಿನ ಬಗ್ಗೆ ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನಗೆ ಐದನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ಆಸ್ಪತ್ರೆಯ ಹೆಸರು ಬೇಡ. ಬ್ಯಾಗಿನಲ್ಲಿ ತಾಯಿ ಕಾರ್ಡ್ ಇತ್ತು. ನಮ್ಮ ಕರ್ನಾಟಕದಲ್ಲಿ ಬಸುರಿಯರಿಗೆ ಕೊಡುವ ಆ ಕಾರ್ಡು ನಿಮಗೆಲ್ಲ ಗೊತ್ತು. ಎರಡು ದಿನ ಅಲ್ಲಿ ಇದ್ದೆ. 'ತಾಯಿ, ಪಕ್ಕಕ್ಕೆ ತಿರುಗಿ', 'ತಾಯಿ, ಊಟ ಆಯ್ತಾ', 'ಈ ತಾಯಿದು ಫೈಲ್ ಕೊಡಿ'. ಅವರು ಪ್ರೀತಿಯಿಂದಲೇ ಕರೆದರು. ಎಲ್ಲರನ್ನೂ ಹಾಗೇ ಕರೆಯುತ್ತಾರೆ. ನನಗೆ ಪ್ರತಿ ಸಲವೂ ಎದೆಗೆ ಚುಚ್ಚಿದ ಹಾಗೆ ಆಗುತ್ತಿತ್ತು. ಒಬ್ಬರಾದರೂ ಹೆಸರು ಹಿಡಿದು ಕರೆಯಬಾರದಾ ಅನ್ನಿಸುತ್ತಿತ್ತು. ತಾಯಿ ಅನ್ನುವುದು ನನಗೆ ಇಷ್ಟದ ಪದ. ಅದು ಗೋಡೆಯ ಮೇಲೆ ಇರಲಿ, ಕಾರ್ಡಿನ ಮೇಲೂ ಇರಲಿ. ಆ ಎರಡು ದಿನ ಮಾತ್ರ, ಆ ಮಂಚದ ಹತ್ತಿರ ಮಾತ್ರ, ನನಗೆ ಅದು ಬೇಡವಾಗಿತ್ತು. 'ನಿಮ್ಮನ್ನ ಹೇಗೆ ಕರೀಲಿ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಈ ಪ್ರಶ್ನೆ ಟ್ರಾನ್ಸ್ ಜನರಿಗೆ ಮಾತ್ರ ಬೇಕಾದದ್ದು ಅಂತ ನಾವು ಅಂದುಕೊಂಡಿದ್ದೇವೆ. ಮಕ್ಕಳಾಗದೆ ಚಿಕಿತ್ಸೆಗೆ ಬಂದವಳಿಗೆ ಬೇಕು. ಗರ್ಭ ತೆಗೆಸಿಕೊಳ್ಳಲು ಬಂದ ಹುಡುಗಿಗೆ ಬೇಕು. ನನಗೂ ಬೇಕಾಗಿತ್ತು.

ಕಾನೂನಿನ ಕಡೆ ಒಂದೆರಡು ಮಾತು. ನಮ್ಮ ಗರ್ಭಪಾತ ಕಾನೂನು 1971ರದ್ದು. ಅದರಲ್ಲಿ ಗರ್ಭನಿರೋಧಕ ವಿಫಲವಾದರೆ ಅನ್ನುವ ಕಡೆ 'ವಿವಾಹಿತ ಮಹಿಳೆ ಅಥವಾ ಅವಳ ಗಂಡ' ಅಂತ ಇತ್ತು. 2021ರ ತಿದ್ದುಪಡಿಯಲ್ಲಿ ಅದು 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಅಂತ ಆಯಿತು. ಮಾರನೇ ವರ್ಷ ಸೆಪ್ಟೆಂಬರ್ 29ರಂದು, ಮದುವೆಯಾಗದ ಒಬ್ಬ ಹೆಣ್ಣುಮಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡಿ.ವೈ. ಚಂದ್ರಚೂಡ್, ನಮ್ಮ ಕರ್ನಾಟಕದವರೇ ಆದ ಎ.ಎಸ್. ಬೋಪಣ್ಣ, ಜೆ.ಬಿ. ಪಾರ್ದಿವಾಲಾ ಆ ಪೀಠದಲ್ಲಿದ್ದರು. ತೀರ್ಪಿನಲ್ಲಿ 'ಮಹಿಳೆ' ಅಂತಲೇ ಬರೆದರು. ಸುರಕ್ಷಿತ ಗರ್ಭಪಾತ ಬೇಕಾಗಬಹುದಾದ ಇತರರೂ ಈ ಪದದಲ್ಲಿ ಸೇರಿದ್ದಾರೆ ಅಂತ ಸ್ಪಷ್ಟವಾಗಿ ಹೇಳಿದರು. ಪದವನ್ನು ಉಳಿಸಿಕೊಂಡು ಬಾಗಿಲು ಅಗಲ ಮಾಡಿದರು. ನನಗೆ ಇದು ತುಂಬಾ ಹಿಡಿಸಿತು.

2024ರಲ್ಲಿ ಅದೇ ಕೋರ್ಟು ಇನ್ನೊಂದು ತೀರ್ಪಿನಲ್ಲಿ 'ಗರ್ಭಿಣಿ ಮಹಿಳೆ' ಬದಲು 'ಪ್ರೆಗ್ನೆಂಟ್ ಪರ್ಸನ್' ಅಂತ ಬಳಸಿತು. ಉದ್ದೇಶ ಒಳ್ಳೆಯದೇ. ಆದರೆ ಅದು 14 ವರ್ಷದ ಹುಡುಗಿಯ ಮೊಕದ್ದಮೆ, ಅತ್ಯಾಚಾರಕ್ಕೆ ಒಳಗಾದ ಮಗು. ಆ ಪದ ಓದಿ ನನಗೆ ಕಸಿವಿಸಿ ಆಯಿತು. ಅವಳು ಹೆಣ್ಣುಮಗು ಅನ್ನುವುದು ಅವಳಿಗೆ ಆದದ್ದರ ನಡುಮಧ್ಯದಲ್ಲಿದೆ. ಅಲ್ಲಿ ಆ ಪದ ಹಿಂದೆ ಸರಿಯಬಾರದಿತ್ತು.

ಪಕ್ಕದ ಕೇರಳದ್ದು ಹೇಳದೆ ಮುಗಿಸಲಾರೆ. 2023ರ ಫೆಬ್ರವರಿಯಲ್ಲಿ ಕೋಝಿಕ್ಕೋಡಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಒಬ್ಬ ಟ್ರಾನ್ಸ್ ಮ್ಯಾನ್‌ಗೆ ಹೆರಿಗೆ ಆಯಿತು. ಅವರ ಸಂಗಾತಿ ಟ್ರಾನ್ಸ್ ಮಹಿಳೆ. ಜನನ ಪತ್ರದಲ್ಲಿ ಹೆತ್ತವರ ಹೆಸರು ತಾಯಿಯ ಜಾಗದಲ್ಲಿ, ಸಂಗಾತಿಯ ಹೆಸರು ತಂದೆಯ ಜಾಗದಲ್ಲಿ ಬಂತು. ಅವರು ಬದುಕುತ್ತಿರುವುದಕ್ಕೆ ಪೂರ್ತಿ ತಿರುಗಾ ಮುರುಗಾ. ಕೋರ್ಟಿಗೆ ಹೋದರು. 2025ರ ಜೂನಿನಲ್ಲಿ ಕೇರಳ ಹೈಕೋರ್ಟ್, ತಂದೆ ತಾಯಿ ಅಂತ ಬೇರೆ ಬೇರೆ ಬರೆಯದೆ ಇಬ್ಬರನ್ನೂ 'ಪೋಷಕರು' ಅಂತ ಬರೆದುಕೊಡಿ ಅಂದಿತು. ಮಾತ್ರೆಯ ಸಾಲಿನಲ್ಲಿ ತಪ್ಪಾಗಿದ್ದ ಪದ ಇಲ್ಲಿ ಸರಿಯಾಗಿ ಕೂತಿತು. ಅದು ಒಂದು ಮಗುವಿನ ಕಾಗದ. ಉಳಿದ ಮಕ್ಕಳ ಪತ್ರದಿಂದ ಯಾರೂ ತಾಯಿಯನ್ನು ತೆಗೆಯಲಿಲ್ಲ.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳು ಬಂದವು.

"ಟ್ರಾನ್ಸ್ ಮ್ಯಾನ್ ಎಷ್ಟು ಜನ ಇರ್ತಾರೆ ಮೇಡಂ? ಅಷ್ಟು ಕಡಿಮೆ ಜನಕ್ಕೆ ಇಷ್ಟೆಲ್ಲ ಯಾಕೆ?" ಅಂತ ಒಬ್ಬ ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನೀವು ಎಮರ್ಜೆನ್ಸಿಯಲ್ಲಿ ಹಾವು ಕಡಿತದ ಔಷಧಿ ಇಟ್ಟುಕೊಂಡಿರುತ್ತೀರಿ, ದಿನಾ ಹಾವು ಕಚ್ಚಿದವರು ಬರುತ್ತಾರಾ ಅಂತ ಕೇಳಿದೆ. ಆ 32 ವರ್ಷದವರು ಒಬ್ಬರೇ. ಅವರ ಮಗುವೂ ಒಂದೇ.

ಒಬ್ಬ ಹುಡುಗಿ ಮುಟ್ಟಿನ ರಜೆಯ ಬಗ್ಗೆ ಕೇಳಿದಳು. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಕೆಲಸ ಮಾಡುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಅಂತ ಒಪ್ಪಿತು. "ಅದರಲ್ಲಿ ಮಹಿಳೆ ಅಂತ ಇದೆ. ಮುಟ್ಟಾಗುವವರು ಅಂತ ಮಾಡಬೇಕಿತ್ತಾ?" ಸೇರಿಸಿದ್ದರೆ ಒಳ್ಳೆಯದಿತ್ತು ಅಂದೆ. ಆದರೆ ಟ್ರಾನ್ಸ್ ಮ್ಯಾನ್ ಆಗಿ ಕೆಲಸ ಮಾಡುವವರು ಆ ರಜೆ ಕೇಳಿದರೆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಪದ ಬದಲಾದರೂ ಆ ಹೆದರಿಕೆ ಹೋಗುವುದಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಬೇಕು, ಕಾರಣ ಕೇಳದೆ ಕೊಡುವ ರಜೆಯ ಥರ.

ಕೊನೆಯ ಪ್ರಶ್ನೆ ನಾನೇ ಕೇಳಿದೆ. 'ಬಾಣಂತಿ' ಪದಕ್ಕೆ ನನ್ನ ಹತ್ತಿರ ಜೊತೆ ಪದ ಇಲ್ಲ. ಆ ಪದವನ್ನು ನಾನು ಯಾವತ್ತೂ ಬಿಡುವುದಿಲ್ಲ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದವರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಪತ್ರಿಕೆಗಳು 'ಬಾಣಂತಿಯರ ಸಾವು' ಅಂತ ಬರೆದವು. ಆ ಒಂದು ಪದದಲ್ಲಿ ಹಸಿ ಮೈ, ಬಿಸಿನೀರು, ಮಡಿಲಲ್ಲಿ ಇರಬೇಕಾಗಿದ್ದ ಕೂಸು, ಕಾಯುತ್ತಿದ್ದ ಅಮ್ಮ ಎಲ್ಲ ಇತ್ತು. ಬೇರೆ ಯಾವ ಪದ ಹಾಕಿದ್ದರೂ ಆ ಸಿಟ್ಟು ಏಳುತ್ತಿರಲಿಲ್ಲ. ಆದರೆ ಕೋಝಿಕ್ಕೋಡಿನ ಹಾಗೆ ನಾಳೆ ನಮ್ಮ ಊರಿನಲ್ಲೂ ಒಬ್ಬರು ಹೆತ್ತು ಮಲಗಿರುತ್ತಾರೆ. ಅವರ ಮಂಚದ ಹತ್ತಿರ ನಿಂತು ಏನಂತ ಕರೆಯುತ್ತೀರಿ?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಾಯಚೂರು ಕಡೆಯ ಒಬ್ಬ ಹುಡುಗಿ ನಿಧಾನವಾಗಿ ಎದ್ದಳು. "ನಮ್ಮ ಕಡೆ ಹಡೆದವರು ಅಂತೀವ್ರಿ."

"ಹಡೆದವರು ಅಂದ್ರೆ ತಂದೆ ತಾಯಿ ಇಬ್ರೂ ಬಂದ್ರಲ್ಲ?" ಅಂದರು ಮುಂದಿನ ಸಾಲಿನ ಒಬ್ಬ ಆಶಾ ಕಾರ್ಯಕರ್ತೆ.

"ಬರ್ಲಿ ಬಿಡ್ರಿ," ಅಂದಳು ಹುಡುಗಿ. "ಮಂಚದ ಮ್ಯಾಲ ಇರೋರು ಒಬ್ರೇ ಅಲ್ರಿ."

ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.